ಮನೆಯ ಕಾರ್ಯಶಾಲೆಯಲ್ಲಿ ಮಿಲ್ಲಿಂಗ್ ಯಂತ್ರ

ಗದಗ ತಾಲ್ಲೂಕಿನ ಕೋಟುಮಚಗಿಯಂಥ ಎರೆನೆಲದ ಊರುಗಳಲ್ಲಿ ರಾಶಿಯ ಕೆಲಸಕ್ಕೆ ಯಂತ್ರಗಳು ಬಂದಿವೆ. ಇಂಥ ಯಂತ್ರದಲ್ಲಿ ಉಕ್ಕಿನ ದಂಡವೂ ಅದರ ಮೇಲಿನ ರಾಟೆಯೂ ಒಟ್ಟಿಗೆ ತಿರುಗಬೇಕು. ಅವೆರಡನ್ನೂ ಬಂಧಿಸುವುದು ‘ಕೀ’ ಎಂಬ ಸಣ್ಣ ಉಕ್ಕಿನ ತುಂಡು. ಅದು ಕೂಡುವ ಕಾಲುವೆಗೆ ‘ಕೀವೇ’ ಎಂದು ಹೆಸರು. ಕಾಲುವೆಯ ಅಂಚು ಸವೆದರೆ ರಾಟೆ ಜಾರುತ್ತದೆ, ರಾಶಿ ನಿಲ್ಲುತ್ತದೆ. ಮೋಡ ಕವಿದ ದಿನ ಕಣದಲ್ಲಿ ಪೈರನ್ನು ಹರವಿದವರಿಗೆ ಇದು ಸಣ್ಣ ನಷ್ಟವಲ್ಲ. ಹೊಸ ದಂಡದಲ್ಲಿ ಇಂಥ ಕಾಲುವೆಯನ್ನು ತೋಡಬಲ್ಲ ಸಾಧನವೇ ಮಿಲ್ಲಿಂಗ್ ಯಂತ್ರ. ಮನೆಯಲ್ಲಿಯೇ ಚಿಕ್ಕದೊಂದು ಯಂತ್ರವನ್ನಿರಿಸಿಕೊಂಡು ಈ ವಿದ್ಯೆಯನ್ನು ಕಲಿಯಬಯಸುವವರು ಮೊದಲು ಅರಿಯಬೇಕಾದ ಕೆಲವು ತತ್ವಗಳನ್ನು ಇಲ್ಲಿ ವಿಚಾರಿಸೋಣ.

ಲೇಥಿನಲ್ಲಿ ಕೆಲಸದ ವಸ್ತು ತಿರುಗುತ್ತದೆ. ಕೊರೆಯುವ ಉಳಿ ತಿರುಗುವುದಿಲ್ಲ. ಮಿಲ್ಲಿಂಗ್ ಯಂತ್ರದಲ್ಲಿ ಹಲ್ಲುಗಳುಳ್ಳ ಕಟರ್ ತಿರುಗುತ್ತದೆ. ವಸ್ತುವು ಮೇಜಿನೊಡನೆ ಅದರತ್ತ ಸರಿಯುತ್ತದೆ. ಮೇಜನ್ನು ಸರಿಸುವುದು ಕೈಹಿಡಿಕೆಯುಳ್ಳ ಒಂದು ತಿರುಪು. ಬೈರಿಗೆಗಳ ಸುರುಳಿ ಕಾಲುವೆಯನ್ನು ಕೊರೆಯಲೆಂದು ಅಮೆರಿಕದ ಜೋಸೆಫ್ ಬ್ರೌನ್ 1862ರಲ್ಲಿ ಸಾರ್ವತ್ರಿಕ ಮಿಲ್ಲಿಂಗ್ ಯಂತ್ರವನ್ನು ನಿರ್ಮಿಸಿದನು. ನಮ್ಮಲ್ಲಿ ಯಂತ್ರಗಳನ್ನು ಮಾಡುವ ಯಂತ್ರಗಳ ತಯಾರಿಕೆಗೆ ಬಲ ಬಂದುದು 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಸಂಸ್ಥೆಯಿಂದ.

ಈಗ 25 ಮಿ.ಮೀ. ವ್ಯಾಸದ ದಂಡವನ್ನು ತೆಗೆದುಕೊಳ್ಳೋಣ. ಇದಕ್ಕೆ ರೂಢಿಯಲ್ಲಿರುವ ಕೀಯ ಅಗಲ 8 ಮಿ.ಮೀ.; ದಂಡದಲ್ಲಿ ಕಾಲುವೆಯ ಆಳ 4 ಮಿ.ಮೀ. ಮೊದಲು 6 ಮಿ.ಮೀ. ವ್ಯಾಸದ, ಎರಡು ಹಲ್ಲುಗಳ ಕಟರ್‌ನಿಂದ ನಡುವೆ ತೋಡಿ, ಅನಂತರ ಎರಡೂ ಗೋಡೆಗಳಲ್ಲಿ ಒಂದೊಂದು ಮಿ.ಮೀ. ತೆಗೆಯುವುದು ಒಳ್ಳೆಯ ಕ್ರಮ.

ಕಟರ್ ಎಷ್ಟು ವೇಗದಲ್ಲಿ ತಿರುಗಬೇಕು? ಹೈಸ್ಪೀಡ್ ಉಕ್ಕಿನ ಕಟರ್ ಮೆದು ಉಕ್ಕನ್ನು ಕೊರೆಯುವಾಗ ಹಲ್ಲಿನ ವೇಗ ನಿಮಿಷಕ್ಕೆ ಸುಮಾರು 25 ಮೀಟರ್ ಇರಬಹುದು. ಒಂದು ಸುತ್ತಿನಲ್ಲಿ ಹಲ್ಲು ಕ್ರಮಿಸುವ ದೂರ ಕಟರ್‌ನ ಪರಿಧಿಯಷ್ಟು, ಎಂದರೆ 3.14 × 6 = 18.8 ಮಿ.ಮೀ. ಆದುದರಿಂದ 25,000ವನ್ನು 18.8ರಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 1,300 ಸುತ್ತುಗಳೆಂದಾಯಿತು. ಪ್ರತಿ ಹಲ್ಲು 0.02 ಮಿ.ಮೀ. ಕೊರೆಯಲಿ ಎಂದಿಟ್ಟುಕೊಂಡರೆ, ಮೇಜು ನಿಮಿಷಕ್ಕೆ 1,300 × 2 × 0.02 = 52 ಮಿ.ಮೀ. ಸರಿಯಬೇಕು. ಚಿಕ್ಕ ಯಂತ್ರದಲ್ಲಿ ಒಮ್ಮೆಗೆ ಒಂದು ಮಿ.ಮೀ. ಆಳ ಸಾಕು, ನಾಲ್ಕು ಬಾರಿ ಸಾಗಿದರೆ ಪೂರ್ಣ ಆಳ ದೊರೆಯುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ತಿರುಪಿಗೂ ಅದರ ನಟ್ಟಿಗೂ ನಡುವೆ ಸ್ವಲ್ಪ ಸಡಿಲು ಇದ್ದೇ ಇರುತ್ತದೆ. ಅದು 0.2 ಮಿ.ಮೀ. ಎಂದು ಭಾವಿಸಿರಿ. ಗೋಡೆಯನ್ನು ಕೊರೆಯುವಾಗ ಹಲ್ಲು ಚಲಿಸುವ ದಿಕ್ಕಿಗೆ ವಸ್ತು ಎದುರಾಗಿ ಸರಿದರೆ, ಹಲ್ಲು ಮೇಜನ್ನು ಹಿಂದಕ್ಕೆ ತಳ್ಳುತ್ತದೆ. ತಿರುಪು ನಟ್ಟಿನ ಒಂದೇ ಪಕ್ಕಕ್ಕೆ ಒತ್ತಿಕೊಂಡಿರುತ್ತದೆ. ಮೇಜು ನಮ್ಮ ಕೈಯ ಅಂಕೆಯಲ್ಲಿರುತ್ತದೆ. ಹಲ್ಲೂ ವಸ್ತುವೂ ಒಂದೇ ದಿಕ್ಕಿಗೆ ಚಲಿಸಿದರೆ ಪರಿಣಾಮ ಬೇರೆ. ಹಲ್ಲು ಮೇಜನ್ನು ತನ್ನೊಡನೆ ಎಳೆದುಕೊಳ್ಳುತ್ತದೆ. ಸಡಿಲಿದ್ದಷ್ಟು ದೂರ ಮೇಜು ಒಮ್ಮೆಲೇ ಜಿಗಿಯಬಲ್ಲುದು. 0.02 ಮಿ.ಮೀ. ಕೊರೆಯಬೇಕಾದ ಹಲ್ಲಿನ ಪಾಲಿಗೆ ಆಗ ಹತ್ತು ಪಟ್ಟು ಲೋಹ ಬರಬಹುದು. ತೆಳುವಾದ ಕಟರ್ ಮುರಿಯುವುದೂ ದಂಡ ಕೆಡುವುದೂ ಹೀಗೆಯೇ.

ಎರಡನೆಯ ವಿಧಾನದಿಂದ ಮೈ ನುಣುಪಾಗುವುದುಂಟು. ತಿರುಪಿನ ಸಡಿಲನ್ನು ತೊಡೆದುಹಾಕಿದ ಗಣಕಚಾಲಿತ ಯಂತ್ರಗಳಲ್ಲಿ ಅದನ್ನೇ ಹೆಚ್ಚಾಗಿ ಬಳಸುತ್ತಾರೆ. ಆದರೆ ಮನೆಯ ಸಾಮಾನ್ಯ ಯಂತ್ರಕ್ಕೆ ಮೊದಲನೆಯದೇ ಕ್ಷೇಮ. ಮೇಲಿನಿಂದ ನೋಡಿದಾಗ ಕಟರ್ ಗಡಿಯಾರದ ಮುಳ್ಳಿನಂತೆ ತಿರುಗುತ್ತಿದ್ದರೆ, ನಮಗೆ ದೂರವಿರುವ ಗೋಡೆಯನ್ನು ಕೊರೆಯುವಾಗ ಮೇಜು ಎಡಕ್ಕೂ, ಹತ್ತಿರದ ಗೋಡೆಯನ್ನು ಕೊರೆಯುವಾಗ ಬಲಕ್ಕೂ ಸರಿಯಬೇಕು. ಮೊದಲು ನಡುವೆ ತೋಡುವಾಗ ಕಟರ್‌ನ ಒಂದು ಪಕ್ಕ ವಸ್ತುವಿಗೆ ಎದುರಾಗಿಯೂ ಇನ್ನೊಂದು ಪಕ್ಕ ಅದರ ಜೊತೆಗೂ ಚಲಿಸುವುದರಿಂದ, ಅಲ್ಲಿ ದಿಕ್ಕನ್ನು ಆಯುವ ಪ್ರಶ್ನೆಯಿಲ್ಲ.

ಇದೇ ಸಡಿಲು ಅಳತೆಯನ್ನೂ ತಪ್ಪಿಸುತ್ತದೆ. ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದಾಗ ಮೊದಲ ಕೆಲವು ಗೆರೆಗಳಷ್ಟು ಮೇಜು ಕದಲುವುದೇ ಇಲ್ಲ. ಆದುದರಿಂದ ದಿಕ್ಕನ್ನು ಬದಲಿಸಬೇಕಾದಾಗ ಕಟರನ್ನು ಕಾಲುವೆಯಿಂದ ಮೇಲೆತ್ತಿ, ಅರ್ಧ ಸುತ್ತು ಹೆಚ್ಚಾಗಿ ಹಿಂದೆ ಸರಿಸಿ, ಸದಾ ಒಂದೇ ಕಡೆಯಿಂದ ಬೇಕಾದ ಗೆರೆಗೆ ಬರಬೇಕು. ಕೊರೆಯುವಾಗ ಸರಿಯಬೇಕಾಗಿಲ್ಲದ ಭಾಗಗಳನ್ನೆಲ್ಲ ಬಿಗಿದಿರಬೇಕು.

ಕಟರನ್ನು ಬೈರಿಗೆ ಹಿಡಿಯುವ ಚಕ್‌ನಲ್ಲಿ ಹಿಡಿಸಬಾರದು. ಪಕ್ಕದ ಒತ್ತಡಕ್ಕೆ ಅದು ಸಡಿಲಬಹುದು. ಅದಕ್ಕೆ ಕಾಲೆಟ್ ಬೇಕು. ಕಣ್ಣಿಗೆ ರಕ್ಷಣೆಯ ಕನ್ನಡಕವಿರಲಿ. ಕೈಗವಸು, ಜೋಲುವ ಧೋತರದ ಸೆರಗು, ಹೆಗಲ ವಸ್ತ್ರ ಯಾವುವೂ ಯಂತ್ರದ ಬಳಿ ಬೇಡ. ಲೋಹದ ಚೂರುಗಳನ್ನು ಯಂತ್ರ ನಿಂತ ಮೇಲೆ ಕುಂಚದಿಂದಲೇ ತೆಗೆಯಬೇಕು. ಗೋಡೆಗಳನ್ನು ಸ್ವಲ್ಪಸ್ವಲ್ಪವಾಗಿ ಅಗಲಿಸುತ್ತ, ಆಗಾಗ ಕೀಯನ್ನೇ ಇಟ್ಟು ನೋಡಬೇಕು. ಅಲುಗಾಡದೆ ಬಿಗಿಯಾಗಿ ಕೂತರೆ ಕೆಲಸ ಮುಗಿಯಿತು. ಮೊದಲ ಅಭ್ಯಾಸವನ್ನು ಬೇಡವಾದ ದಂಡದ ತುಂಡಿನ ಮೇಲೆ ಮಾಡುವುದು ಲೇಸು.