ಘಾಟಿ ಹತ್ತದ ಗಾಡಿಗೆ ಟರ್ಬೊ

ನನ್ನ ಪಿಕಪ್ 2006ರದು. ಟರ್ಬೊ ಇಲ್ಲದ ಎರಡೂವರೆ ಲೀಟರ್ ಡೀಸೆಲ್ ಎಂಜಿನ್. ಕುಂದಾಪುರದಿಂದ ಹಂಚು ಹೇರಿಕೊಂಡು ಹುಲಿಕಲ್ ಘಾಟಿ ಹತ್ತುವಾಗ ಒಂದನೇ ಗೇರು ಬಿಟ್ಟು ಮೇಲೇಳುತ್ತಿರಲಿಲ್ಲ. ಹಿಂದೆ ಬಸ್ಸುಗಳ ಸಾಲು, ಹಾರ್ನಿನ ಮೇಲೆ ಹಾರ್ನು. ‘ಟರ್ಬೊ ಕೂರಿಸಿ, ಪಂಪು ಸ್ವಲ್ಪ ಏರಿಸಿ ಅಣ್ಣಾ, ಗಾಡಿ ಹೆಂಗೆ ಎಳೀತದೆ ನೋಡಿ’ ಎಂದರು ಪರಿಚಿತರೊಬ್ಬರು. ಗುಜರಿಯ ಟರ್ಬೊ, ಪೈಪು, ಕೂಲಿ ಎಲ್ಲ ಸೇರಿ 42,000 ರೂಪಾಯಿ ಕೊಟ್ಟು ಹಾಕಿಸಿದೆ.

ಮೂರು ತಿಂಗಳು ನಿಜವಾಗಿಯೂ ಎಳೆಯಿತು. ಆಮೇಲೆ ಕ್ಲಚ್ ಜಾರಿತು, 9,500. ನಾಲ್ಕನೇ ತಿಂಗಳು ಮಾಸ್ತಿಕಟ್ಟೆಯ ಹತ್ತಿರ ಪಿಸ್ಟನ್ ಕರಗಿ ಗಾಡಿ ನಿಂತಿತು. ಟರ್ಬೊಗೆಂದೇ ತಯಾರಾದ ಎಂಜಿನ್ನಿನ ಪಿಸ್ಟನ್ನೇ ಬೇರೆ, ಕಂಪ್ರೆಷನ್ ಬೇರೆ. ಎಷ್ಟೋ ಎಂಜಿನ್ನುಗಳಲ್ಲಿ ಪಿಸ್ಟನ್ನಿನ ತಳಕ್ಕೆ ಆಯಿಲ್ ಚಿಮ್ಮಿಸಿ ತಣಿಸುವ ಏರ್ಪಾಡೂ ಇರುತ್ತದೆ. ನನ್ನದರಲ್ಲಿ ಅದ್ಯಾವುದೂ ಇಲ್ಲ, ಡೀಸೆಲ್ ಮಾತ್ರ ಹೆಚ್ಚಿಗೆ ಸುರಿಯುತ್ತಿತ್ತು. ಹೆಡ್, ಬೋರು, ಪಿಸ್ಟನ್, ರಿಂಗು, ನೋಝಲ್ ಸೇರಿ 68,000. ಖರ್ಚು ಕಳೆದು ದಿನಕ್ಕೆ 1,800 ಉಳಿಸುತ್ತಿದ್ದ ಗಾಡಿ 12 ದಿನ ಶೆಡ್ಡಿನಲ್ಲಿತ್ತು, ಅಲ್ಲಿ 21,600. ಒಟ್ಟು 1,41,100 ರೂಪಾಯಿ.

ಹೋದ ದುಡ್ಡಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ನಾನು ಹಾಕದೇ ಬಿಟ್ಟ ಲೆಕ್ಕ. ಪಿಕಪ್ಪಿಗೆ ದುಡಿಮೆ ಬರುವುದು ಲೋಡಿನಿಂದ, ಟ್ರಿಪ್ಪಿನಿಂದ. ಟರ್ಬೊ ಹಾಕಿದರೆ ಆರ್‌ಸಿಯಲ್ಲಿ ಬರೆದಿರುವ ತೂಕ ಒಂದು ಕೆಜಿಯೂ ಏರುವುದಿಲ್ಲ. ಮೀರಿ ಹೇರಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 20,000 ದಂಡ, ಹೆಚ್ಚುವರಿ ಟನ್ನಿಗೆ ಮತ್ತೆ ಎರಡೆರಡು ಸಾವಿರ. ಘಾಟಿಯಲ್ಲಿ ನನಗೆ ಉಳಿದದ್ದು ಕಾಲು ಗಂಟೆ. ಅದಕ್ಕಾಗಿ ಹಂಚಿನವರು ಬಾಡಿಗೆ ಒಂದು ರೂಪಾಯಿ ಏರಿಸಲಿಲ್ಲ. ದಿನಕ್ಕೆ ಇನ್ನೊಂದು ಟ್ರಿಪ್ಪೂ ಆಗಲಿಲ್ಲ.

ಎಂಜಿನ್ನನ್ನೇ ಬದಲಿಸಲು ಹೊರಟವರಿಗೆ ಇನ್ನೂ ಒಂದು ಖರ್ಚಿದೆ. ಆರ್‌ಟಿಒ ಅನುಮತಿ ಪಡೆದು ಹೊಸ ಎಂಜಿನ್ ನಂಬರನ್ನು ಆರ್‌ಸಿಗೆ ಹತ್ತಿಸಬೇಕು, ವಿಮೆಯವರಿಗೂ ತಿಳಿಸಬೇಕು. ಇಲ್ಲವಾದರೆ ಅಪಘಾತವಾದ ದಿನ ಕ್ಲೇಮು ತಕರಾರಿಗೆ ಬೀಳುತ್ತದೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷ ವರ್ಷವೂ ಎಫ್‌ಸಿ ಆಗಬೇಕು. ಪಂಪು ಏರಿಸಿ ಕಪ್ಪು ಹೊಗೆ ಬಿಡುವ ಗಾಡಿಯನ್ನು ಅಲ್ಲಿ ಪಾಸು ಮಾಡಿಸುವುದು ಕಷ್ಟ.

ಎಂಜಿನ್ ಬಿಚ್ಚಿದ ಹಿರಿಯ ಮೆಕ್ಯಾನಿಕ್ ಕರಗದೆ ಉಳಿದಿದ್ದ ಮೂರು ಸಿಲಿಂಡರ್‌ಗಳನ್ನು ಒಂದೊಂದಾಗಿ ತೋರಿಸಿದರು. ರಿಂಗುಗಳು ಸವೆದಿದ್ದವು, ನೋಝಲ್‌ಗಳು ಡೀಸೆಲ್ಲನ್ನು ಸಿಂಪಡಿಸುವ ಬದಲು ತೊಟ್ಟಿಕ್ಕಿಸುತ್ತಿದ್ದವು. ಗಾಡಿ ಎಳೆಯದಿರಲು ಅದೇ ಕಾರಣ. ‘ಆವಾಗಲೇ ಬಂದಿದ್ದರೆ 26,000ದಲ್ಲಿ ಮುಗೀತಿತ್ತು ಸ್ವಾಮಿ’ ಎಂದರು.

ಟರ್ಬೊ ಬಿಚ್ಚಿಸಿ, ಪಂಪನ್ನು ಮೊದಲಿನ ಅಳತೆಗೆ ಇಳಿಸಿ ಮೂರು ವರ್ಷವಾಯಿತು. ಗಾಡಿ ಈಗಲೂ ಹಂಚು ಹೇರುತ್ತಿದೆ, ಕಡಿದಾದ ತಿರುವು ಬಿಟ್ಟರೆ ಉಳಿದೆಡೆ ಎರಡನೇ ಗೇರಿನಲ್ಲೇ ಹತ್ತುತ್ತದೆ. ಕಂಪ್ರೆಷನ್ ಮತ್ತು ನೋಝಲ್ ನೋಡಿಸುವುದು ಅರ್ಧ ದಿನದ ಕೆಲಸ. ಟರ್ಬೊಗೆ ಮುಂಗಡ ಕೊಡುವ ಮೊದಲು ದಯವಿಟ್ಟು ಅದನ್ನು ಮಾಡಿಸಿ.