ಶಾಲಾ ಪ್ರವಾಸ: ಕೈಗೆ ಒಪ್ಪಿಸಿದ ಅಮಾನತ್ತು

ಮಕ್ಕಳನ್ನು ವಿಹಾರಕ್ಕೆ ಕರೆದೊಯ್ಯಲು ಹೆತ್ತವರ ಒಪ್ಪಿಗೆ ಕೇಳುವ ಪ್ರಸಂಗವೊಂದು ಪವಿತ್ರ ಕುರ್‌ಆನಿನಲ್ಲಿದೆ. ಯೂಸುಫ್(ಅ)ರ ಅಣ್ಣಂದಿರು ತಂದೆ ಯಅ್‌ಕೂಬ್(ಅ)ರ ಬಳಿಗೆ ಬಂದು, ತಮ್ಮನನ್ನು ನಾಳೆ ತಮ್ಮ ಜೊತೆ ಕಳಿಸಬೇಕೆಂದೂ, ಅವನು ತಿಂದು ಆಡಿ ನಲಿಯಲೆಂದೂ, ಅವನ ಕಾವಲಿಗೆ ತಾವಿದ್ದೇವೆಂದೂ ಹೇಳುತ್ತಾರೆ. ತಂದೆಗೆ ಧೈರ್ಯ ಬರುವುದಿಲ್ಲ. ತೋಳ ಹಿಡಿದೀತೆಂಬ ಭಯವನ್ನು ಅವರು ತೋಡಿಕೊಳ್ಳುತ್ತಾರೆ. ಆ ಮಾತಿನಲ್ಲಿ ತೋಳದ ಜೊತೆಗೆ ಇನ್ನೊಂದು ಸಂಗತಿಯೂ ಇದೆ: ಅಣ್ಣಂದಿರು ತಮ್ಮನ ಬಗ್ಗೆ ‘ಗಾಫಿಲ್’ ಆಗಿರುವ ಗಳಿಗೆ, ಅಂದರೆ ಮೈಮರೆತಿರುವ ಗಳಿಗೆ (12:11-13).

ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕಳಿಸುವ ತಂದೆ-ತಾಯಂದಿರ ಎದೆಯಲ್ಲಿರುವುದೂ ಇದೇ ಭಯ. ಆ ಭಯಕ್ಕೆ ಕಾರಣವಿದೆ ಎಂಬುದನ್ನು ನಾನು ತಿಳಿದದ್ದು ನನ್ನ ತಪ್ಪಿನಿಂದಲೇ.

ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಶಾಲೆಯಿಂದ 46 ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ದ ಐವರು ಹಿರಿಯರಲ್ಲಿ ನಾನೂ ಒಬ್ಬ. ಬಸ್ಸು ಹೊರಡುವ ಮುನ್ನ ವೃದ್ಧೆಯೊಬ್ಬರು ಆರನೆಯ ತರಗತಿಯ ಮೊಮ್ಮಗನ ಕೈಯನ್ನು ನನ್ನ ಕೈಯಲ್ಲಿಟ್ಟು, “ಮಾಸ್ಟ್ರೇ, ಇವನಿಗೆ ತಂದೆ-ತಾಯಿ ಇಲ್ಲ. ನಿಮಗೆ ಒಪ್ಪಿಸಿದ್ದೇನೆ” ಎಂದರು. “ಹೆದರಬೇಡಿ ಅಜ್ಜೀ, ನಾವಿದ್ದೇವಲ್ಲ” ಎಂದೆ. ಯೂಸುಫರ ಅಣ್ಣಂದಿರು ಹೇಳಿದ್ದೂ ಇದನ್ನೇ ಎಂಬುದು ಆಗ ನೆನಪಾಗಲಿಲ್ಲ.

ಮರುದಿನ ಲಾಲ್‌ಬಾಗ್ ನೋಡಿದೆವು. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಸುಲ್ತಾನ್ ಬೆಳೆಸಿದ ತೋಟ ಅದು. 1889ರ ಗಾಜಿನ ಮನೆ, ಸುಮಾರು 300 ಕೋಟಿ ವರ್ಷಗಳ ಹಿಂದಿನ ಬಂಡೆ, ಅದರ ಮೇಲಿನ ಕೆಂಪೇಗೌಡ ಗೋಪುರ ಎಲ್ಲವನ್ನೂ ಮಕ್ಕಳಿಗೆ ತೋರಿಸಿದೆವು. ಆಮೇಲೆ “ಎಲ್ಲರೂ ಗೇಟಿನ ಬಳಿಗೆ ಬನ್ನಿ” ಎಂದು ಕೂಗಿ ನಾವು ಮುಂದೆ ನಡೆದೆವು. 240 ಎಕರೆಯ ಆ ತೋಟಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಗೇಟುಗಳಿವೆ. ಯಾವ ಗೇಟು ಎಂದು ನಾವು ಹೇಳಲೇ ಇಲ್ಲ. ಬಸ್ಸಿನಲ್ಲಿ ಒಬ್ಬರು “ಎಲ್ಲರೂ ಇದ್ದೀರಾ?” ಎಂದು ಕೇಳಿದರು. “ಇದ್ದೇವೆ!” ಎಂದು ಮಕ್ಕಳು ಒಟ್ಟಾಗಿ ಕೂಗಿದರು. ಇಲ್ಲದವನು ‘ನಾನಿಲ್ಲ’ ಎಂದು ಹೇಗೆ ಕೂಗಿಯಾನು?

ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನ ಬಾಗಿಲಲ್ಲಿ ಟಿಕೆಟು ಹಂಚಿದಾಗ ಒಂದು ಟಿಕೆಟು ಉಳಿಯಿತು. ನಮ್ಮ ತಪ್ಪು ಗೊತ್ತಾದದ್ದು ಆಗಲೇ.

ಚಪ್ಪಲಿಯ ಪಟ್ಟಿ ಕಿತ್ತುಹೋಗಿ ಹುಡುಗ ಹಿಂದೆ ಬಿದ್ದಿದ್ದ. ನಮ್ಮನ್ನು ಕಾಣದೆ ಅಳುತ್ತಾ ಇನ್ನೊಂದು ಗೇಟಿಗೆ ಹೋಗಿದ್ದ. ಅಲ್ಲಿ ಕಡಲೆಕಾಯಿ ಮಾರುತ್ತಿದ್ದ ಒಬ್ಬ ತಾಯಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಎಲ್ಲಿಗೂ ಹೋಗಬೇಡ ಮಗಾ, ನಿನ್ನವರು ಬರ್ತಾರೆ” ಎಂದು ಕಾವಲುಗಾರನಿಗೂ ತಿಳಿಸಿದ್ದರು. ನಾವು ತಲುಪಿದಾಗ ಒಂದೂಕಾಲು ಗಂಟೆ ಕಳೆದಿತ್ತು. ಅಲ್ಲಾಹನು ದೊಡ್ಡವನು. ನಾವು ಕೈಬಿಟ್ಟ ಅಮಾನತ್ತನ್ನು ಆ ತಾಯಿ ಕಾಪಾಡಿದ್ದರು. ಅವರಿಗೆ ನಮ್ಮ ಪರಿಚಯವೂ ಇರಲಿಲ್ಲ, ನಮ್ಮ ಧರ್ಮದವರೂ ಅವರಲ್ಲ.

ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ಮರಳಿಸಬೇಕೆಂಬುದು ಅಲ್ಲಾಹನ ಆಜ್ಞೆ (4:58). ಈ ಮಾತನ್ನು ನಾವು ಹಣ, ಒಡವೆಗಳಿಗಷ್ಟೇ ಅನ್ವಯಿಸುತ್ತೇವೆ. ನೂರು ರೂಪಾಯಿಯನ್ನು ಎರಡು ಸಲ ಎಣಿಸುವ ನಾವು ಆ ದಿನ ಮಕ್ಕಳನ್ನು ಒಂದು ಸಲವೂ ಎಣಿಸಲಿಲ್ಲ. ಪ್ರತಿಯೊಬ್ಬನೂ ಕುರಿಗಾಹಿ, ತನ್ನ ಹಿಂಡಿನ ಬಗ್ಗೆ ಅವನನ್ನು ಪ್ರಶ್ನಿಸಲಾಗುವುದು ಎಂದು ಪ್ರವಾದಿ(ಸ) ಎಚ್ಚರಿಸಿರುವುದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಕುರಿಗಾಹಿಯು ಎಲ್ಲ ಕುರಿಗಳೂ ಬಂದವೇ ಎಂದು ಹಿಂಡನ್ನು ಕೇಳುವುದಿಲ್ಲ. ತಾನೇ ಎಣಿಸುತ್ತಾನೆ.

ಮಕ್ಕಳೊಂದಿಗೆ ಮಹಾನಗರಕ್ಕೆ ಹೋಗುವವರು ಗಮನಿಸಬೇಕಾದ ಕೆಲವು ವಿಷಯಗಳು ಇಲ್ಲಿವೆ.

ಒಬ್ಬ ನಾಯಕನಿರಲಿ. ಪ್ರಯಾಣದಲ್ಲಿ ಮೂವರೇ ಇದ್ದರೂ ಒಬ್ಬರನ್ನು ಅಮೀರರನ್ನಾಗಿ ಮಾಡಿಕೊಳ್ಳಲು ಪ್ರವಾದಿ(ಸ) ಆದೇಶಿಸಿರುವುದನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ನಾವು ಐವರಿದ್ದೆವು. ಇನ್ನೊಬ್ಬರು ಎಣಿಸಿರಬಹುದೆಂದು ಪ್ರತಿಯೊಬ್ಬರೂ ಭಾವಿಸಿದೆವು. ಒಬ್ಬರು ನಾಯಕರಾಗಲಿ, ಉಳಿದವರಿಗೆ ಎಂಟು-ಹತ್ತು ಮಕ್ಕಳ ಗುಂಪನ್ನು ಹೆಸರು ಹಿಡಿದು ಒಪ್ಪಿಸಲಿ. ಬಸ್ಸು ಏರಿದಾಗಲೂ ಇಳಿದಾಗಲೂ ಒಬ್ಬೊಬ್ಬರ ಹೆಸರು ಕರೆದು, ಮುಖ ನೋಡಿ ಗುರುತು ಹಾಕಿಕೊಳ್ಳಲಿ.

ಒಬ್ಬರು ಕಡೆಯಲ್ಲಿ ನಡೆಯಲಿ. ಪ್ರವಾದಿ(ಸ) ಪ್ರಯಾಣದಲ್ಲಿ ಹಿಂದೆ ಉಳಿದು, ಬಲಹೀನರ ಸವಾರಿಯನ್ನು ಮುನ್ನಡೆಸುತ್ತಿದ್ದರು, ನಡೆಯಲಾಗದವರನ್ನು ತಮ್ಮ ಹಿಂದೆ ಕೂರಿಸಿಕೊಳ್ಳುತ್ತಿದ್ದರು, ಅವರಿಗಾಗಿ ಪ್ರಾರ್ಥಿಸುತ್ತಿದ್ದರು ಎಂದು ಜಾಬಿರ್(ರ) ವರದಿ ಮಾಡಿದ್ದಾರೆ (ಅಬೂದಾವೂದ್). ನಾವು ಐವರೂ ಮುಂದೆ ನಡೆದಿದ್ದೆವು. ಒಬ್ಬರಾದರೂ ಹಿಂದೆ ಇದ್ದಿದ್ದರೆ ಕಿತ್ತುಹೋದ ಆ ಚಪ್ಪಲಿ ಅವರ ಕಣ್ಣಿಗೆ ಬೀಳುತ್ತಿತ್ತು.

ಮುನ್ನೆಚ್ಚರಿಕೆಯು ತವಕ್ಕುಲ್‌ಗೆ ವಿರುದ್ಧವಲ್ಲ. ಯಅ್‌ಕೂಬ್(ಅ) ಮುಂದೆ ತಮ್ಮ ಮಕ್ಕಳನ್ನು ಈಜಿಪ್ಟಿಗೆ ಕಳಿಸುವಾಗ, ಎಲ್ಲರೂ ಒಂದೇ ದ್ವಾರದಿಂದ ಹೋಗದೆ ಬೇರೆ ಬೇರೆ ದ್ವಾರಗಳಿಂದ ಪ್ರವೇಶಿಸಲು ಉಪದೇಶಿಸಿದರು. ಅದರ ಜೊತೆಗೇ ತಮ್ಮ ಭರವಸೆ ಅಲ್ಲಾಹನ ಮೇಲೆಂದರು (12:67). ದ್ವಾರದ ಕುರಿತೂ ಯೋಚಿಸಿದ ಆ ತಂದೆಯನ್ನು ನೆನೆದಾಗ ನಮಗೆ ನಾಚಿಕೆಯಾಗಬೇಕು. ಸೇರುವ ಜಾಗವನ್ನು ಮಕ್ಕಳಿಗೆ ಮೊದಲೇ ತೋರಿಸಿರಿ. ಹಿರಿಯರ ಮೊಬೈಲ್ ಸಂಖ್ಯೆ, ಬಸ್ಸಿನ ನಂಬರು ಬರೆದ ಚೀಟಿ ಪ್ರತಿ ಮಗುವಿನ ಜೇಬಿನಲ್ಲಿರಲಿ. ದಾರಿ ತಪ್ಪಿದರೆ ಅಲೆಯದೆ ನಿಂತಲ್ಲೇ ನಿಲ್ಲಬೇಕೆಂದು, ಪೊಲೀಸರಿಗೋ ಕಾವಲುಗಾರರಿಗೋ ಹೇಳಬೇಕೆಂದು ಕಲಿಸಿರಿ. ಮಕ್ಕಳ ಸಹಾಯವಾಣಿ 1098, ತುರ್ತು ಕರೆ 112 ಎಂಬುದು ಅವರ ಬಾಯಿಗೆ ಬರಲಿ. ಶೌಚಾಲಯಕ್ಕೆ ಒಂಟಿಯಾಗಿ ಕಳಿಸಬಾರದು. ಹೆಣ್ಣುಮಕ್ಕಳ ಜೊತೆ ನಂಬಿಕಸ್ತ ಮಹಿಳೆಯರು ಇರಲೇಬೇಕು. ಮಹ್ರಮ್ ಇಲ್ಲದ ಪ್ರಯಾಣದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವುದರಿಂದ ಹೆತ್ತವರು ತಮ್ಮ ಉಲಮಾಗಳನ್ನು ಕೇಳಿ ನಿರ್ಧರಿಸಲಿ. ಶಾಲೆಯವರು ಒತ್ತಾಯಿಸದಿರಲಿ.

ನಮಾಝ್‌ಗೆ ಮೊದಲೇ ಸಮಯವಿಡಿ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ. ಇದು ಕಸ್ರ್‌ನ ದೂರ. ನಾಲ್ಕು ರಕಅತ್‌ಗಳ ಫರ್ಝ್ ಎರಡಾಗುತ್ತದೆ. ಶಾಫಿಈ ಮದ್‌ಹಬ್‌ನಲ್ಲಿ ಝುಹರ್-ಅಸರ್, ಮಗ್ರಿಬ್-ಇಶಾಗಳನ್ನು ಜಮ್ಅ್ ಮಾಡಲೂ ಅವಕಾಶವಿದೆ. ಹನಫಿ ಮದ್‌ಹಬ್‌ನವರಿಗೆ ಕಸ್ರ್ ಮಾತ್ರ. ಊರಿನವರೇ ಆದ ಇಮಾಮರ ಹಿಂದೆ ನಿಂತರೆ ಪೂರ್ತಿ ನಾಲ್ಕು. ಪುಸ್ತಕದಲ್ಲಿ ಓದಿದ ಈ ಪಾಠವನ್ನು ಮಕ್ಕಳು ದಾರಿಯಲ್ಲಿ ಮಾಡಿ ಕಲಿಯಲಿ.

ಇನ್ನು ಕೊನೆಯ ಮಾತು. ಅಂದು ರಾತ್ರಿ ಮರಳುವಾಗ ನಮ್ಮಲ್ಲೊಬ್ಬರು, “ಹುಡುಗ ಸಿಕ್ಕಿದನಲ್ಲ, ಮನೆಯಲ್ಲಿ ಹೇಳಬೇಡಿ ಎಂದು ಮಕ್ಕಳಿಗೆ ತಿಳಿಸೋಣ. ಸುಮ್ಮನೆ ಅಜ್ಜಿಗೆ ನೋವು” ಎಂದರು. ನನಗೂ ಅದು ಸರಿಯೆನಿಸಿತ್ತು. ಬಸ್ಸು ಶಿರಾಡಿ ಘಾಟಿ ಇಳಿಯುವಾಗ ಯೂಸುಫರ ಕಥೆಯ ಉಳಿದ ಭಾಗ ನೆನಪಾಯಿತು. ಅಣ್ಣಂದಿರು ರಾತ್ರಿ ಹೊತ್ತು ಅಳುತ್ತಾ ತಂದೆಯ ಬಳಿಗೆ ಬಂದರು, ಅಂಗಿಗೆ ಸುಳ್ಳು ನೆತ್ತರು ಹಚ್ಚಿ ತಂದಿದ್ದರು (12:16-18). ಮಾತಿನಲ್ಲಿ ಸುಳ್ಳು, ಅಮಾನತ್ತಿನಲ್ಲಿ ವಂಚನೆ ಇವೆರಡೂ ಕಪಟ ವಿಶ್ವಾಸಿಯ ಲಕ್ಷಣಗಳೆಂದು ಪ್ರವಾದಿ(ಸ) ಎಣಿಸಿದ್ದಾರೆ. ಒಂದು ತಪ್ಪು ನಡೆದಿತ್ತು. ಎರಡನೆಯದನ್ನು 46 ಮಕ್ಕಳಿಗೆ ಕಲಿಸಿಕೊಡುವುದೇ?

ಬೆಳಿಗ್ಗೆ ಹುಡುಗನನ್ನು ಮನೆಗೆ ಬಿಟ್ಟು ನಡೆದುದೆಲ್ಲವನ್ನೂ ಹೇಳಿದೆ. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ “ಅತ್ತನಾ?” ಎಂದು ಕೇಳಿದರು. “ಹೌದು” ಎಂದೆ. ಮೊಮ್ಮಗನ ತಲೆ ಸವರುತ್ತಾ, “ಅಲ್ಹಮ್ದುಲಿಲ್ಲಾಹ್. ಮಾಸ್ಟ್ರೇ, ಮುಂದಿನ ಸಲ ಎಣಿಸಿ” ಎಂದರು. ಬೇರೇನೂ ಹೇಳಲಿಲ್ಲ.

ಮುಂದಿನ ಸಲವೂ ಅವರು ಅವನನ್ನು ಕಳಿಸಿದರು. ಯಅ್‌ಕೂಬ್(ಅ) ಕಿರಿಯ ಮಗನನ್ನು ಕಳಿಸುವಾಗ, ಅವನನ್ನು ಮರಳಿ ತಂದೇ ತರುವುದಾಗಿ ಅಲ್ಲಾಹನ ಹೆಸರಲ್ಲಿ ಪ್ರಮಾಣ ಪಡೆದಿದ್ದರು (12:66). ನಾನು ಇಂದಿಗೂ ಪ್ರವಾಸದ ಹಿಂದಿನ ರಾತ್ರಿ ಹೆಸರಿನ ಪಟ್ಟಿಯನ್ನು ಕೈಯಾರೆ ಬರೆಯುತ್ತೇನೆ. ಒಂದೊಂದು ಹೆಸರಿನ ಹಿಂದೆಯೂ ಬಾಗಿಲಲ್ಲಿ ನಿಂತು ಕಾಯುವ ಒಬ್ಬರಿದ್ದಾರೆ.

ಅತ್ಯುತ್ತಮ ಸಂರಕ್ಷಕನಾದ ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ, ನಮ್ಮನ್ನು ಮೈಮರೆವಿನಿಂದ ರಕ್ಷಿಸಲಿ. ಆಮೀನ್.