ಹಳೆಯ ಸಣ್ಣ ಟ್ರ್ಯಾಕ್ಟರು: ಕೊಳ್ಳುವವನ ಹಕ್ಕು, ದುರಸ್ತಿ ಮಾಡಿಸುವವನ ಹಕ್ಕು

ಚೆನ್ನೈಯಲ್ಲಿ ಉದ್ಯೋಗದಲ್ಲಿದ್ದು, ಹೊಸೂರಿನ ಅಥವಾ ತಾಳವಾಡಿಯ ಕಡೆ ಪಿತ್ರಾರ್ಜಿತವಾದ ತೋಟವನ್ನು ಉಳಿಸಿಕೊಂಡಿರುವ ಕನ್ನಡಿಗನಿಗೆ, ತನ್ನ ಹದಿನೆಂಟು ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರು ಎಳೆತ ಕುಗ್ಗಿ ಹೊಗೆಯುಗುಳುತ್ತ ನಿಂತಾಗ, 1958ರಿಂದಲೂ ಯಂತ್ರಗಾರಿಕೆಗೆ ಹೆಸರಾದ ಗಿಂಡಿಯ ಕೈಗಾರಿಕಾ ವಸಾಹತಿನಲ್ಲಿಯೇ ಎಂಜಿನನ್ನು ಬಿಚ್ಚಿಸಿ ಬೋರು ಮಾಡಿಸುವುದೋ, ಇಲ್ಲವೆ ಕರ್ನಾಟಕದಲ್ಲಿ ಯಾರೋ ಬಳಸಿ ಮಾರುತ್ತಿರುವ ಗಾಡಿಯನ್ನು ಕೊಂಡು ತರುವುದೋ ಎಂಬ ಸಂದಿಗ್ಧವು ಒದಗುತ್ತದೆ. ಹಣದ ಲೆಕ್ಕವನ್ನು ಎಲ್ಲರೂ ಮಾಡುತ್ತಾರೆ. ಕಾನೂನಿನ ಲೆಕ್ಕವನ್ನು ಮಾಡುವವರು ವಿರಳ. ಎರಡನ್ನೂ ತೂಗಿದಲ್ಲಿ, ಗಾಡಿಯ ಮೂಲಾಂಗಗಳು ಗಟ್ಟಿಯಾಗಿರುವವರೆಗೆ ದುರಸ್ತಿ ಮಾಡಿಸುವವನ ಪಕ್ಷದಲ್ಲಿಯೇ ಕಾನೂನು ಹೆಚ್ಚು ದೃಢವಾಗಿ ನಿಲ್ಲುತ್ತದೆಂಬುದು ನನ್ನ ಅಭಿಪ್ರಾಯ.

ಏಕೆಂದರೆ, ನೆರೆಯೂರಿನ ರೈತನೊಬ್ಬನು ತನ್ನ ಗಾಡಿಯನ್ನು ಒಮ್ಮೆ ಮಾರಿದಾಗ ಅವನು ವ್ಯಾಪಾರಿಯೆನಿಸುವುದಿಲ್ಲವಾದುದರಿಂದ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಶ್ರಯವು ಕೊಂಡವನಿಗೆ ದೊರೆಯದು. 1930ರ ಸರಕು ಮಾರಾಟ ಕಾಯಿದೆಯಾದರೋ, ಮಾರುವವನಿಗೆ ಮಾರುವ ಹಕ್ಕಿರಬೇಕೆಂದು 14ನೆಯ ಕಲಮಿನಲ್ಲಿ ವಿಧಿಸಿದರೂ, ವಸ್ತುವಿನ ಗುಣದ ವಿಷಯದಲ್ಲಿ ಸಾಮಾನ್ಯವಾಗಿ ಕೊಳ್ಳುವವನೇ ಎಚ್ಚರಿಕೆ ವಹಿಸತಕ್ಕದ್ದೆಂದು 16ನೆಯ ಕಲಮಿನಲ್ಲಿ ಹೇಳುತ್ತದೆ. ಮಾರಿದವನು ದೋಷವನ್ನು ಬಲ್ಲವನಾಗಿಯೂ ಮೋಸಗೊಳಿಸುವ ಉದ್ದೇಶದಿಂದ ಅದನ್ನು ಮುಚ್ಚಿಟ್ಟನೆಂದು ರುಜುವಾತುಪಡಿಸಿದರೆ ಒಪ್ಪಂದವನ್ನು ರದ್ದುಪಡಿಸಿಕೊಳ್ಳಬಹುದು. ಆದರೆ ಅದನ್ನು ಸಿವಿಲ್ ನ್ಯಾಯಾಲಯದಲ್ಲಿ ರುಜುವಾತುಪಡಿಸುವ ಭಾರವೂ ಕೊಂಡವನದೇ.

ಆದರೂ ಕೊಳ್ಳುವುದೇ ಅನಿವಾರ್ಯವಾದಲ್ಲಿ, ಎಂಜಿನಿನ ಸದ್ದನ್ನು ಆಲಿಸುವ ಮೊದಲು ಕಾಗದಪತ್ರಗಳನ್ನು ನೋಡತಕ್ಕದ್ದು. ಚಾಸಿಯ ಮೇಲಿನ ಮಣ್ಣು ಗ್ರೀಸುಗಳನ್ನು ಒರೆಸಿ, ಕೆತ್ತಿದ ಸಂಖ್ಯೆಯ ಮೇಲೆ ತೆಳುವಾದ ಕಾಗದವನ್ನಿಟ್ಟು ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿದರೆ ಅಂಕೆಗಳು ಮೂಡುತ್ತವೆ. ಅವನ್ನೂ ಎಂಜಿನಿನ ಸಂಖ್ಯೆಯನ್ನೂ ಆರ್‌ಸಿ ಪುಸ್ತಕದೊಡನೆ ಒಂದೊಂದಾಗಿ ಹೋಲಿಸಬೇಕು. ಉಜ್ಜಿ ಮತ್ತೆ ಕೆತ್ತಿದಂತೆ ತೋರುವ ಒಂದೇ ಒಂದು ಅಂಕೆಯಿದ್ದರೂ ಬೆಲೆ ಎಷ್ಟೇ ಅಗ್ಗವಾಗಿರಲಿ, ಅಲ್ಲಿಂದ ಹಿಂದಿರುಗುವುದು ಲೇಸು. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದಿದ್ದರೆ, ನಮೂನೆ 35ರಲ್ಲಿ ಬ್ಯಾಂಕಿನ ಸಹಿಯಾಗುವವರೆಗೂ ಹಣ ಕೊಡಲಾಗದು. ಕೃಷಿ ಟ್ರ್ಯಾಕ್ಟರಿನ ನೋಂದಣಿಯು ಹದಿನೈದು ವರ್ಷಗಳ ಬಳಿಕ ಐದೈದು ವರ್ಷಗಳಿಗೆ ನವೀಕೃತವಾಗಬೇಕಾದುದರಿಂದ ಗಾಡಿಯ ವಯಸ್ಸನ್ನೂ ಲೆಕ್ಕಿಸಬೇಕು. ಹೊಸದಾಗಿ ಬಣ್ಣ ಬಳಿದ ಗಾಡಿಯ ಮುಂದೆ ನಿಂತವನಿಗೆ ಈ ತಾಳ್ಮೆಯು ಕಷ್ಟಸಾಧ್ಯವೆಂಬುದನ್ನು ಬಲ್ಲೆ.

ಕರ್ನಾಟಕದಲ್ಲಿ ನೋಂದಣಿಯಾದ ಗಾಡಿಯನ್ನು ತಮಿಳುನಾಡಿಗೆ ವರ್ಗಾಯಿಸಿಕೊಳ್ಳಲು, 1988ರ ಮೋಟಾರು ವಾಹನಗಳ ಕಾಯಿದೆಯ 48ನೆಯ ಕಲಮಿನಂತೆ ಮೂಲ ಆರ್‌ಟಿಓ ಕಚೇರಿಯ ನಿರಾಕ್ಷೇಪಣಾ ಪತ್ರವು ಬೇಕು. ಮಾರಿದವನು ಒಂದೇ ರಾಜ್ಯದೊಳಗಾದರೆ ಹದಿನಾಲ್ಕು ದಿನಗಳಲ್ಲಿಯೂ, ಹೊರರಾಜ್ಯಕ್ಕಾದರೆ ನಲವತ್ತೈದು ದಿನಗಳಲ್ಲಿಯೂ ವರದಿಮಾಡತಕ್ಕದ್ದು; ಕೊಂಡವನಿಗೆ ಮೂವತ್ತು ದಿನಗಳ ಅವಧಿಯಿದೆ. ವಿಮೆಯು ಹೊಸ ಒಡೆಯನಿಗೆ ಬಂದಂತೆಯೇ ಭಾವಿಸಲ್ಪಡುವುದಾದರೂ, ಹೆಸರಿನ ಬದಲಾವಣೆಗಾಗಿ ಹದಿನಾಲ್ಕು ದಿನಗಳಲ್ಲಿ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಬೇಕು. ಖಾಲಿ ನಮೂನೆಗಳಿಗೆ ರುಜು ಹಾಕಿಕೊಟ್ಟು ಕೈತೊಳೆದುಕೊಂಡೆನೆಂದು ನೆಮ್ಮದಿಯಿಂದಿರುವ ಮಾರಾಟಗಾರನೂ ಅಪಾಯದಿಂದ ಮುಕ್ತನಲ್ಲ: ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ, ಗಾಡಿಯು ಕೈಯಿಂದ ಕೈಗೆ ಮಾರಾಟವಾಗಿ ಹೋಗಿದ್ದರೂ ಅಪಘಾತದ ದಿನ ಯಾರ ಹೆಸರು ನೋಂದಣಿಯಲ್ಲಿತ್ತೋ ಅವನೇ ಪರಿಹಾರಕ್ಕೆ ಹೊಣೆಯೆಂದು ತೀರ್ಪಿತ್ತಿತು.

ಇನ್ನು ದುರಸ್ತಿ. ಹಣ ಪಡೆದು ಗಾಡಿಯನ್ನು ಸರಿಪಡಿಸುವ ಮೆಕ್ಯಾನಿಕ್ಕನು ಕಾನೂನಿನ ದೃಷ್ಟಿಯಲ್ಲಿ ಸೇವೆಯನ್ನೊದಗಿಸುವವನು. ಆದುದರಿಂದ ಸ್ವಂತ ತೋಟಕ್ಕೆ, ಅಥವಾ ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಗಾಡಿಯನ್ನು ಬಳಸುವವನು ಅವನೆದುರು ಗ್ರಾಹಕನಾಗುತ್ತಾನೆ. ಯಾವ ಕೆಲಸ, ಎಷ್ಟು ಮೊತ್ತ, ಯಾವ ದಿನದೊಳಗೆ ಎಂಬುದನ್ನು ಬರೆಯಿಸಿಕೊಂಡು, ತೆಗೆದ ಹಳೆಯ ಬಿಡಿಭಾಗಗಳನ್ನು ಹಿಂದಕ್ಕೆ ಕೇಳಿ, ಬಿಲ್ಲನ್ನು ಪಡೆಯಬೇಕು. ಬಿಲ್ಲು ನಿರಾಕರಿಸುವುದನ್ನು ಗ್ರಾಹಕ ಸಂರಕ್ಷಣಾ ಕಾಯಿದೆಯೇ ಅನುಚಿತ ವ್ಯಾಪಾರ ಪದ್ಧತಿಯೆಂದು ಕರೆದಿದೆ. ತನ್ನ ವಶದಲ್ಲಿರುವ ಗಾಡಿಯನ್ನು ಅವನು ಸಾಮಾನ್ಯ ವಿವೇಕಿಯು ತನ್ನ ವಸ್ತುವನ್ನು ಕಾಯುವಂತೆ ಕಾಯತಕ್ಕದ್ದು. ಒಪ್ಪಿದ ಕೂಲಿಯನ್ನು ಕೊಡದಿದ್ದರೆ ಗಾಡಿಯನ್ನು ತಡೆದಿಟ್ಟುಕೊಳ್ಳುವ ಹಕ್ಕು 1872ರ ಕರಾರು ಕಾಯಿದೆಯ 170ನೆಯ ಕಲಮಿನಂತೆ ಅವನಿಗುಂಟು. ಹಿಂದಿನ ಬೇರೊಂದು ಬಾಕಿಯ ನೆಪದಿಂದ ತಡೆಯುವ ಹಕ್ಕು ಆ ಕಲಮಿನಲ್ಲಿಲ್ಲ. ಎಂಜಿನನ್ನೇ ಬದಲಾಯಿಸಿದರೆ ಹೊಸ ಸಂಖ್ಯೆಯು ಆರ್‌ಸಿಯಲ್ಲಿ ನಮೂದಾಗುವಂತೆ ನೋಡಿಕೊಳ್ಳುವುದು ಒಡೆಯನ ಕರ್ತವ್ಯ.

ಬಿಡಿಭಾಗಗಳೂ ಕೈಪಿಡಿಯೂ ಎಟುಕದಿರುವ ಸಂಕಟಕ್ಕಾಗಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕಿನ ಜಾಲತಾಣವನ್ನು ತೆರೆದು, ಕೃಷಿ ಉಪಕರಣಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿದೆ. ಕೆಲಸವು ಕೆಟ್ಟು ಮೆಕ್ಯಾನಿಕ್ಕನು ಮಾತಿಗೂ ಬಗ್ಗದಿದ್ದಲ್ಲಿ, ಮೊದಲು ಲಿಖಿತ ನೋಟೀಸು ಕೊಟ್ಟು, ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ, ಬಳಿಕ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಕೊಟ್ಟ ಮೊತ್ತವು ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ಮತ್ತು ಮೆಕ್ಯಾನಿಕ್ಕನು ಹೊಸೂರಿನಲ್ಲಿರಲಿ ಬೆಂಗಳೂರಿನಲ್ಲಿರಲಿ, ಗಿಂಡಿಯಲ್ಲಿ ವಾಸಿಸುವವನು ಚೆನ್ನೈಯಲ್ಲಿಯೇ ಆ ದೂರನ್ನು ಕೊಡಬಹುದು.